ಹಿಗ್ಗುವ ಬ್ಯಾಟರಿ, ಜಾರುವ ಪ್ಯಾಂಟು

ಬ್ಯಾಡಗಿ

ಕೊರಿಯಾಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ಶಿಸ್ತು, ಸ್ವಚ್ಛತೆ, ರೈಲಿನ ವೇಗದ ಬಗ್ಗೆ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಸರಿಯಾಗಿ ನೋಡಿದ್ದರೆ. ನನ್ನ ಕಣ್ಣೆಲ್ಲ ರಫೀಕ್ ಚಾಚಾರ ಪ್ಯಾಂಟಿನ ಮೇಲಿತ್ತು. ಅದು ನಿಂತೀತೋ ಜಾರೀತೋ ಎಂಬ ಚಿಂತೆಯಲ್ಲಿ ಒಂದು ಇಡೀ ದೇಶ ನನ್ನ ಪಕ್ಕದಲ್ಲೇ ಹಾದುಹೋಯಿತು.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಸಿಟ್ಟಿನ ಮೇಡಂ ಎಂದು ಹೆಸರು. ಮೈಮೇಲೆ ತೊಡುವ ಯಂತ್ರಗಳು ಈಗ ಬೇಕಾದಷ್ಟು ಬಂದಿವೆ: ನಾಡಿ ಎಣಿಸುವ ಕೈಪಟ್ಟಿ, ಬೆವರು ಅಳೆಯುವ ಬನಿಯನ್ನು, ಮೊಣಕಾಲಿಗೆ ಕಟ್ಟುವ ಇನ್ನೇನೋ. ಎಲ್ಲವೂ ಬಟ್ಟೆಯ ಹಾಗೆ ಮೆತ್ತಗಿವೆ, ಒಳಗಿನ ಬ್ಯಾಟರಿ ಮಾತ್ರ ಬಿಸ್ಕೀಟಿನ ಹಾಗೆ ಗಟ್ಟಿ. ಬಗ್ಗಿಸಿದರೆ ಮುರಿಯುತ್ತದೆ. ಬ್ಯಾಟರಿಯೂ ಹಿಗ್ಗಬೇಕು, ಕುಗ್ಗಬೇಕು ಎಂದು ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿರುವಾಗ ಹಾವೇರಿಯಲ್ಲಿ ನಾನೂ ಕೆಡಿಸಿಕೊಂಡೆ.

ನನ್ನ ಸಾಮಾನುಗಳೆಲ್ಲ ಊರಿನವೇ. ಬ್ಯಾಡಗಿಯಲ್ಲಿ ನಮ್ಮ ಚಿಗವ್ವ ಗಂಗವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಕಾಯಿ ಮಾರುಕಟ್ಟೆಗೆ ಹೋದ ಮೇಲೆ ತೊಟ್ಟಿನ ರಾಶಿ ಹಾಗೇ ಬಿದ್ದಿರುತ್ತದೆ. ಆ ತೊಟ್ಟನ್ನು ಗಾಳಿ ತಾಕದಂತೆ ಸುಟ್ಟರೆ ಒಳ್ಳೆಯ ಇದ್ದಿಲು ಸಿಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿದ್ದು, ವಿದ್ಯುತ್ತು ಬಂದು ಅವುಗಳಲ್ಲಿ ಕೂಡುತ್ತದೆ. ಆ ಇದ್ದಿಲಿನ ಹಿಟ್ಟನ್ನು ಅಂಟಿನಲ್ಲಿ ಕಲಸಿ ಇಲಾಸ್ಟಿಕ್ಕಿಗೆ ಬಳಿದು, ಎರಡು ಪದರಗಳ ನಡುವೆ ಉಪ್ಪಿನ ಜೆಲ್ಲು ಹಚ್ಚಿ, ಮೇಲೆ ತೆಳು ರಬ್ಬರಿನಿಂದ ಮುಚ್ಚಿದರೆ ನಮ್ಮ ಪಟ್ಟಿ ತಯಾರು. ಎರಡು ತುದಿಗೂ ಒಂದೊಂದು ಟಿಚ್ ಬಟನ್. ಅವೇ ಅದರ ಪ್ಲಸ್ಸು, ಮೈನಸ್ಸು.

ಇಲಾಸ್ಟಿಕ್ಕು ರಾಣೇಬೆನ್ನೂರಿನ ರಫೀಕ್ ಚಾಚಾರದು. ಲಾಡಿ, ಲೇಸು, ಗುಂಡಿ ಮಾರುವ ಅವರ ಅಂಗಡಿಯ ಹಿಂದೆ ಇಲಾಸ್ಟಿಕ್ ನೇಯುವ ಹಳೆಯ ಯಂತ್ರವೊಂದಿದೆ. ಚಡ್ಡಿಗೆ ಹಾಕುವ ಇಲಾಸ್ಟಿಕ್ಕನ್ನೇ ನನಗಾಗಿ ಅಗಲ ಮಾಡಿ, ನೂಲು ಬದಲಿಸಿ, ಬೈದುಕೊಳ್ಳುತ್ತ ಎಷ್ಟೋ ಸಲ ನೇಯ್ದುಕೊಟ್ಟರು. ಕೊರಿಯಾದ ದೇಗು ಎಂಬ ಊರಿನ ಜವಳಿ ಮೇಳದಿಂದ ಕರೆ ಬಂದಾಗ, ಇಬ್ಬರು ಬರಬಹುದು ಎಂದಿದ್ದರಿಂದ ಚಾಚಾರನ್ನೇ ಹೊರಡಿಸಿದೆ. ‘ಮಗಳ ಲಗ್ನಕ್ಕ ಹೊಲಿಸಿದ ಸೂಟ ಐತ್ರೀ ಅಕ್ಕಾರ’ ಎಂದು ಅವರು ಖುಷಿಯಲ್ಲಿ ಹೇಳಿದರು. ಮಗಳ ಮದುವೆಯಾದ ಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂದು ಮೈ ಅರ್ಧ ಇಳಿದಿತ್ತು. ಸೂಟು ಇಳಿದಿರಲಿಲ್ಲ.

ಇದೆಲ್ಲ ನೋಡಲು ನಗೆಯ ಸಂಗತಿಯೇ. ಆದರೆ ನನ್ನ ಪ್ರಾಣವೆಲ್ಲ ಆ ಪಟ್ಟಿಯಲ್ಲಿತ್ತು. ಕಾಲೇಜಿನಲ್ಲಿ ನಾನು ಕೆಲಸ ಮಾಡುವ ಕೋಣೆ ಮೊದಲು ಆಟದ ಸಾಮಾನಿನದು. ಆಟದ ಮಾಸ್ತರರು ಪಾಟೀಲ ಸರ್ ಅದನ್ನು ವಾಪಸು ಕೇಳುತ್ತಲೇ ಇದ್ದರು. ಕೊನೆಗೆ ಸಂಸ್ಥೆಯ ಅಧ್ಯಕ್ಷರು ಇಬ್ಬರನ್ನೂ ಕೂರಿಸಿಕೊಂಡು ತೀರ್ಮಾನ ಹೇಳಿದರು: ‘ನೋಡ್ರಿ ಮೇಡಂ, ಅಲ್ಲಿ ಮಂದಿ ಮುಂದ ನಿಮ್ಮ ಪಟ್ಟಿಲೆ ದೀಪ ಹತ್ತಬೇಕು, ಆ ವಿಡಿಯೋ ನನ್ನ ಫೋನಿಗೆ ಬರಬೇಕು. ಬಂತೋ, ಕ್ವಾಣಿ ನಿಮ್ಮದು. ಬರಲಿಲ್ಲೋ, ವಾಲಿಬಾಲಿಂದು.’ ಪಾಟೀಲ ಸರ್ ಅಂದೇ ಟೇಪು ಹಿಡಿದು ಬಂದು ಕೋಣೆಯ ಅಳತೆ ತೆಗೆದುಕೊಂಡು ಹೋದರು. ನನಗೆ ಉರಿದುಹೋಯಿತು.

ಹಿಂದಿನ ಪಟ್ಟಿಗಳೆಲ್ಲ ಎಳೆದೂ ಎಳೆದೂ ಹರಿದಿದ್ದವು. ಉಳಿದಿದ್ದು ಒಂದೇ. ಅದಕ್ಕೆ ಚೆಂದ ಕಾಣಲೆಂದು ಕೆಂಪು ಹಿಗ್ಗುಬಟ್ಟೆಯ ಹೊದಿಕೆ ಹೊಲಿದು, ಸ್ಟೀಲಿನ ಡಬ್ಬಿಯಲ್ಲಿಟ್ಟು, ಹೊರಡುವ ಮೊದಲು ಚಿಗವ್ವನಿಗೆ ಹೇಳಿಹೋಗಲು ಬ್ಯಾಡಗಿಗೆ ಬಂದೆ. ಅವಳು ಉಡಿ ತುಂಬದೆ ಬಿಡುವವಳಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಉತ್ತತ್ತಿ, ಅಡಿಕೆ, ಕೈಗೆ ಸಿಕ್ಕ ನಾಲ್ಕು ಕೆಂಪು ಮೆಣಸಿನಕಾಯಿ ಎಲ್ಲವನ್ನೂ ನನ್ನ ಸೆರಗಿಗೆ ಸುರಿದಳು. ‘ನೀ ಚಾ ಕುಡಿ. ನಾ ಎಲ್ಲಾ ಗಂಟು ಕಟ್ಟಿ ನಿನ್ನ ಬ್ಯಾಗಿನಾಗ ಇಡತೇನಿ’ ಎಂದು ಒಳಗೆ ಹೋದಳು. ನಾನು ಚಹಾ ಕುಡಿದೆ. ಆ ಚಹಾ ಕುಡಿಯಬಾರದಿತ್ತು.

ಬೆಂಗಳೂರು ವಿಮಾನ ನಿಲ್ದಾಣ

ಚಾಚಾರಿಗೆ ಇದು ಮೊದಲ ವಿಮಾನ. ತಪಾಸಣೆಯ ಜಾಗದಲ್ಲಿ ಟೋಪಿ, ಗಡಿಯಾರ, ಅತ್ತರಿನ ಸಣ್ಣ ಬಾಟಲಿ, ಬೆಲ್ಟು ಎಲ್ಲ ಬಿಚ್ಚಿ ತಟ್ಟೆಯಲ್ಲಿಟ್ಟರು. ಆಚೆ ಕಡೆ ಬಂದು ಟೋಪಿ ಹಾಕಿಕೊಂಡರು, ಗಡಿಯಾರ ಕಟ್ಟಿಕೊಂಡರು, ಅತ್ತರು ಹಚ್ಚಿಕೊಂಡು ಪಕ್ಕದವನಿಗೂ ಹಚ್ಚಿದರು. ವಿಮಾನದ ಬಾಗಿಲವರೆಗೆ ಬಂದ ಮೇಲೆ ಗಕ್ಕನೆ ನಿಂತರು.

‘ಅಕ್ಕಾರ, ಬೆಲ್ಟ್ ಅಲ್ಲೇ ಉಳೀತ್ರಿ.’

‘ಈಗೇನು ಮಾಡ್ತೀರಿ?’

‘ಏನ್ ಮಾಡೂದು? ಕೈಲೆ ಹಿಡ್ಕೋತೇನಿ.’

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸುವಾಗ ಅಲ್ಲಿನ ಅಂಗಡಿಯಲ್ಲಿ ಒಂದು ಬೆಲ್ಟು ಕೊಳ್ಳೋಣ ಎಂದೆ. ಅವರಿಗೆ ಅವಮಾನವಾಯಿತು. ‘ಜಲ್ಮಾ ಪೂರ್ತಿ ಮಂದಿಗೆ ಲಾಡಿ, ಇಲಾಸ್ಟಿಕ್ ಮಾರಿದಾಂವ ನಾ. ಪರದೇಶಕ್ಕ ಬಂದು ನನ್ನ ಸೊಂಟಕ್ಕ ನಾ ಖರೀದಿ ಮಾಡ್ಲೇನ್ರಿ? ರಾಣೇಬೆನ್ನೂರಾಗ ಗೊತ್ತಾದ್ರ ಅಂಗಡಿ ಮುಚ್ಚಬೇಕಾಕ್ಕತಿ.’ ಹಾಗೆಂದು ಎಡಗೈಯನ್ನು ಜೇಬಿಗಿಳಿಸಿ, ಒಳಗಿನಿಂದಲೇ ಪ್ಯಾಂಟನ್ನು ಹಿಡಿದುಕೊಂಡು ಒಂದು ಸಮುದ್ರ ದಾಟಿದರು.

ಇಂಚಾನ್

ಕೊರಿಯಾದಲ್ಲಿ ಎಲ್ಲರೂ ಎಲ್ಲರಿಗೂ ಬಾಗುತ್ತಾರೆ. ನಮ್ಮಲ್ಲಿ ನಮಸ್ಕಾರ ಮಾಡಿದವರು ಎದುರಿನವರು ವಾಪಸು ಮಾಡುತ್ತಾರೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡುತ್ತಾರೆ, ಇವರು ಆ ಗೊಡವೆಯೇ ಇಲ್ಲದೆ ಸೊಂಟದಿಂದ ಬಾಗುತ್ತಾರೆ. ಯಾರಾದರೂ ಬಾಗಿದರೆ ಸುಮ್ಮನಿರುವುದು ಚಾಚಾರಿಂದ ಆಗದು. ಬಾಗಿದಾಗೆಲ್ಲ ಪ್ಯಾಂಟು ಒಂದಿಷ್ಟು ಕೆಳಗಿಳಿಯುತ್ತಿತ್ತು. ಪಾಸ್‌ಪೋರ್ಟು ನೋಡುವವನು, ದಾರಿ ತೋರಿಸುವವಳು, ನೆಲ ಒರೆಸುವವರು, ಹೀಗೆ ಸಾಲಾಗಿ ಬಾಗುತ್ತ ಬಾಗುತ್ತ ನಾವು ಸಾಮಾನು ತಪಾಸಣೆಯ ಕಡೆ ಬರುವಷ್ಟರಲ್ಲಿ ಅವರ ಎರಡೂ ಕೈ ಜೇಬಿನಲ್ಲಿದ್ದವು. ನೋಡಿದವರಿಗೆ ಏನನ್ನೋ ಬಚ್ಚಿಟ್ಟಂತೆ ಕಾಣುತ್ತಿತ್ತು. ಹಾಗಾಗಿ ನಮ್ಮನ್ನೇ ಪಕ್ಕಕ್ಕೆ ಕರೆದರು.

ಅಲ್ಲಿದ್ದವಳು ನನ್ನ ವಯಸ್ಸಿನ ಅಧಿಕಾರಿಣಿ. ಬ್ಯಾಗು ತೆರೆದು ಉಡಿಗಂಟನ್ನು ಹೊರತೆಗೆದಳು. ಚಿಗವ್ವ ಅದನ್ನು ರವಿಕೆಯ ಖಣದಲ್ಲಿ ಸುತ್ತಿಟ್ಟಿದ್ದಳು. ಅಕ್ಕಿ, ಕೊಬ್ಬರಿ, ಬೇರು, ಕಾಯಿ ಯಾವುದೂ ದೇಶದೊಳಗೆ ಬರುವಂತಿಲ್ಲ, ಬೆಳೆಗೆ ರೋಗ ಅಂಟುತ್ತದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಅವಳ ಮಾತು ಸರಿಯೇ. ಆದರೆ ತುಂಬಿದ ಉಡಿಯನ್ನು ಯಾವಳು ದಾರಿಯಲ್ಲಿ ಚೆಲ್ಲಿ ಬರುತ್ತಾಳೆ? ನಾನು ವಾದಿಸಿದೆ, ಅದು ಹೆಣ್ಣುಮಗಳಿಗೆ ತವರಿನವರು ಹರಸಿ ಕೊಡುವುದು ಎಂದೆ. ದನಿ ಏರಿತು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಎರಡೂ ಕೈ ಚಾಚಿ ನಿಂತಳು. ನಾನೇ ಎತ್ತಿ ಕೊಡಲಿ ಎಂದು. ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು ತಲೆಬಾಗಿದಳು. ಉಡಿ ಚೆಲ್ಲುವುದನ್ನು ಕಣ್ಣಿಂದ ನೋಡಬಾರದೆಂದು ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಳು ಬಂದಿತ್ತು. ಚಿಗವ್ವನಿಗೆ ಏನು ಹೇಳುವುದೋ ತಿಳಿಯಲಿಲ್ಲ.

ಬೆನ್ನ ಹಿಂದೆ ಚಾಚಾರ ದನಿ ಕೇಳಿಸಿತು: ‘ಥ್ಯಾಂಕ್ಯೂ ಬೆಹನ್‌ಜಿ, ಬಾಳ ಉಪಕಾರ ಆತು.’ ತಿರುಗಿದರೆ ಖಣ ಮಡಚಿ ನನ್ನ ಬ್ಯಾಗಿನ ಮೇಲಿತ್ತು. ಚಾಚಾ ಶೌಚಾಲಯದ ಕಡೆ ಓಡುತ್ತಿದ್ದರು. ಹೊರಗೆ ಬಂದಾಗ ಎರಡೂ ಕೈ ಬೀಸಿಕೊಂಡು ರಾಜನ ಹಾಗೆ ನಡೆದು ಬಂದರು.

‘ಏನು ಮಾಡಿದ್ರಿ?’

‘ಬಂದೋಬಸ್ತ ಆತ್ರಿ. ಒಳಗಿನ ಗಂಟಿಗೆ ಏನೋ ಒಂದು ಲಾಡಿ ಕಟ್ಟಿದ್ರು. ಅದನ್ನಷ್ಟ ನನಗ ವಾಪಸ್ ಕೊಟ್ರು.’

ಅಳುತ್ತಿದ್ದವಳಿಗೆ ಲಾಡಿಯ ವಿಚಾರ ಯಾರಿಗೆ ಬೇಕು? ನಾನು ಮುಂದೆ ಕೇಳಲೇ ಇಲ್ಲ.

ದೇಗು, ಊಟದ ಮನೆ

ಮೇಳದ ಕಡೆಯಿಂದ ನಮ್ಮನ್ನು ನೋಡಿಕೊಳ್ಳಲು ಸು-ಜಿನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು. ಸಣ್ಣ ದನಿಯ, ದೊಡ್ಡ ನಗೆಯ ಹುಡುಗಿ. ಮಾಂಸ ಬೇಡವೆಂದ ನಮ್ಮಿಬ್ಬರನ್ನು ಒಂದು ಊಟದ ಮನೆಗೆ ಕರೆದೊಯ್ದಳು. ಚಪ್ಪಲಿ ಹೊರಗೆ, ನೆಲದ ಮೇಲೆ ಪಂಕ್ತಿ. ಇಷ್ಟು ನಮ್ಮ ಹಾಗೆಯೇ. ಆಮೇಲೆ ತಣ್ಣನೆಯ ಶಾವಿಗೆ ಬಂತು, ಅದರ ಜೊತೆಗೆ ಒಂದು ಕತ್ತರಿ.

ಚಾಚಾ ಕತ್ತರಿಯನ್ನೇ ನೋಡಿದರು. ‘ಇದು ನಮ್ಮ ಅಂಗಡೀದು ಇದ್ದಂಗ ಐತಲ್ರೀ!’

ಸು-ಜಿನ್ ಎಲ್ಲರ ಬಟ್ಟಲಿಗೂ ಕತ್ತರಿ ಇಳಿಸಿ ಶಾವಿಗೆಯನ್ನು ಕಚಕಚನೆ ಕತ್ತರಿಸಿದಳು. ಕತ್ತರಿಸದಿದ್ದರೆ ಅದು ಹರಿಯುವುದಿಲ್ಲವಂತೆ. ಚಾಚಾರಿಗೆ ವೃತ್ತಿಯ ಕುತೂಹಲ ತಡೆಯಲಿಲ್ಲ. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಎಳೆದು, ಬಿಟ್ಟು, ಮತ್ತೆ ಎಳೆದರು. ಪಕ್ಕದ ಪಂಕ್ತಿಯವರೆಲ್ಲ ಊಟ ನಿಲ್ಲಿಸಿ ನೋಡಿದರು. ಮೂರನೇ ಸಲ ಎಳೆದಾಗ ಅದು ಹರಿದು ಎದುರಿನ ಮುದುಕರೊಬ್ಬರ ಕನ್ನಡಕಕ್ಕೆ ಹೋಗಿ ಅಂಟಿತು. ಚಾಚಾ ಎದ್ದು ಬಾಗಿದರು. ಮುದುಕರೂ ಎದ್ದು ಶಾವಿಗೆಯ ಸಮೇತ ಬಾಗಿದರು. ಇವರು ಇನ್ನೂ ಕೆಳಗೆ ಬಾಗಿದರು, ಅವರು ಅದಕ್ಕಿಂತ ಕೆಳಗೆ. ನಾನು ಅಭ್ಯಾಸಬಲದಿಂದ ಪ್ಯಾಂಟನ್ನೇ ನೋಡಿದೆ. ಅದು ಅಲುಗಾಡಲಿಲ್ಲ.

‘ಎಳೆತ ಛಲೋ ಐತಿ, ವಾಪಸ್ ಬರೂದಿಲ್ಲ’ ಎಂದು ಚಾಚಾ ಶಾವಿಗೆಯ ಬಗ್ಗೆ ತೀರ್ಪು ಕೊಟ್ಟು ಕುಳಿತರು.

ಊಟದ ನಂತರ ಸು-ಜಿನ್ ನಮ್ಮನ್ನು ಸಂತೆಗೆ ಕರೆದೊಯ್ದಳು. ಒಂದು ಓಣಿ ತಿರುಗಿದ್ದೇ ತಡ, ಮೂಗಿಗೆ ಬ್ಯಾಡಗಿ ಬಡಿಯಿತು. ಎರಡೂ ಕಡೆ ಒಣಮೆಣಸಿನಕಾಯಿ ಚೀಲಗಳು, ನಡುವೆ ಗಿರಣಿ, ಗಿರಣಿಯ ಮುಂದೆ ನೆಲದ ಮೇಲೆ ಕುಳಿತು ತೊಟ್ಟು ಮುರಿಯುತ್ತಿದ್ದ ಇಬ್ಬರು ಅಜ್ಜಿಯರು. ಚಿಗವ್ವನ ಹಾಗೆಯೇ ಕಾಲು ಚಾಚಿ, ಚಿಗವ್ವನ ಹಾಗೆಯೇ ಯಾರನ್ನೋ ಬೈಯುತ್ತ. ನಾನು ಸೀನಿದೆ. ಚಾಚಾ ಸೀನಿದರು. ಅಜ್ಜಿಯರು ನಕ್ಕರು. ಮನೆಯ ನೆನಪಾಯಿತು, ಜೊತೆಗೆ ಆ ತೊಟ್ಟಿನ ರಾಶಿ ಕಂಡು ಆಸೆಯೂ ಆಯಿತು. ಒಂದು ಚೀಲ ತೊಟ್ಟು ಕೇಳಿಬಿಡೋಣ ಎಂದುಕೊಂಡೆ. ಇಂಚಾನಿನ ಅಧಿಕಾರಿಣಿ ನೆನಪಾಗಿ ಸುಮ್ಮನಾದೆ.

ದೇಗು, ಮಳಿಗೆ

ಮರುದಿನ ಬೆಳಿಗ್ಗೆ ಮೇಳದಲ್ಲಿ ನಮಗೊಂದು ಮೇಜು ಸಿಕ್ಕಿತು. ಎಡಕ್ಕೆ ಬೆಳಕು ಚೆಲ್ಲುವ ಲಂಗದವರು, ಬಲಕ್ಕೆ ತಾನೇ ಬೆಚ್ಚಗಾಗುವ ಕಾಲುಚೀಲದವರು. ಸ್ವಲ್ಪ ಹೊತ್ತಿನಲ್ಲೇ ಹಾನ್ ಎಂಬ ಹಿರಿಯ ಪ್ರೊಫೆಸರು ಎಲ್ಲ ಮೇಜುಗಳನ್ನು ನೋಡುತ್ತ ಬರುವವರಿದ್ದರು. ಸು-ಜಿನ್ ವಿಡಿಯೋ ತೆಗೆಯಲು ನನ್ನ ಫೋನು ಹಿಡಿದು ನಿಂತಳು. ನಾನು ಗಂಭೀರಳಾಗಿ ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದೆ.

ಒಳಗೆ ಸುತಳಿ ಇತ್ತು. ಗೋಣಿಚೀಲ ಹೊಲಿಯುವ ಸುತಳಿ. ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು.

ಪಾಟೀಲ ಸರ್ ಟೇಪು ಹಿಡಿದು ನಿಂತದ್ದು, ನನ್ನ ಬೀಕರುಗಳ ಜಾಗದಲ್ಲಿ ವಾಲಿಬಾಲುಗಳು ಉರುಳಾಡುವುದು, ಎಲ್ಲ ಕಣ್ಣ ಮುಂದೆ ಬಂತು. ಚಾಚಾರ ಫೋನು ಕಸಿದುಕೊಂಡು ಸ್ಪೀಕರಿನಲ್ಲಿ ಬ್ಯಾಡಗಿಗೆ ಹಚ್ಚಿದೆ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಹಿನ್ನೆಲೆಯಲ್ಲಿ ಕಸಬರಿಗೆಯ ಸದ್ದು.

‘ಚಿಗವ್ವ! ಡಬ್ಬ್ಯಾಗಿಂದು ಎಲ್ಲಿ ಹೋತು?’

‘ಯಾವುದ? ಆ ಕೆಂಪು ಲಾಡಿ? ಸುತಳಿ ಒರಟು ಇತ್ತ ನೋಡು, ಉಡಿ ಗಂಟಿಗೆ ಆ ಲಾಡಿ ಕಟ್ಟೇನಿ. ಎಷ್ಟ್ ಎಳದ್ರೂ ಬರತಿತ್ತು. ಬಾಳ ಛಲೋ ಐತಿ.’

‘ಮತ್ತ ಡಬ್ಬ್ಯಾಗ ಸುತಳಿ ಯಾಕ ಇಟ್ಟಿ?’

‘ಖಾಲಿ ಡಬ್ಬಿ ಕಳಸಬಾರದಲ್ಲs, ಹುಚ್ಚಿ. ಅಷ್ಟ ದೂರ ಹೊಂಟಾಕಿಗೆ ಖಾಲಿ ಡಬ್ಬಿ ಕೊಡಲೇನು?’

ಬಗೆಹರಿಯಿತು. ಉಡಿ ತುಂಬದೆ ಕಳಿಸಬಾರದು, ಡಬ್ಬಿ ಖಾಲಿ ಕಳಿಸಬಾರದು. ಎರಡೂ ನೇಮ ಸರಿಯಾಗಿ ಪಾಲಿಸಿದ್ದಳು. ಪ್ರಪಂಚಕ್ಕೆ ತೋರಿಸಬೇಕಿದ್ದ ಪಟ್ಟಿ ಕೊಬ್ಬರಿ ಬಟ್ಟಲಿನ ಜೊತೆ ಇಂಚಾನಿನ ಕಸದಲ್ಲಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟೆ. ಕೂಗಲೂ ಶಕ್ತಿಯಿರಲಿಲ್ಲ. ಸಿಟ್ಟಿನ ಮೇಡಮ್ಮಿಗೆ ಸಿಟ್ಟೂ ಬರಲಿಲ್ಲ.

‘ಅಕ್ಕಾರ’ ಎಂದರು ಚಾಚಾ, ಬಹಳ ಮೆಲ್ಲಗೆ. ‘ಆ ಪಟ್ಟಿಗೆ ನೀವು ಕೆಂಪು ಅರಿವಿ ಹೊಲದಿದ್ರೇನು?’

‘ಹೌದು.’

‘ಎರಡೂ ಕಡೆ ಟಿಚ್ ಬಟನ್?’

ನಾನು ತಲೆ ಎತ್ತಿದೆ. ಚಾಚಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮದುಮಗಳ ಹಾಗೆ ನೆಲ ನೋಡುತ್ತಿದ್ದರು.

‘ನಮ್ಮ ಅಂಗಡ್ಯಾಗ ನಿಮ್ಮ ಚಿಗವ್ವಾರು ತಗೊಂಡಿದ್ದ ಲಾಡಿ ಅಂತ ತಿಳದ್ನಿರಿ. ಬಟನ್ ಹಚ್ಚಿದ್ರ ನನ್ನ ಸೊಂಟಕ್ಕ ಅಳತಿ ತಗೊಂಡು ಮಾಡಿದಂಗ ಕುಂತಿತು. ಆವಾಗಿಂದ ಹಾಕ್ಕೊಂಡೇನಿ.’

ಹೊದಿಕೆ ಹೊಲಿದದ್ದು ಕೊನೆಯ ಗಳಿಗೆಯಲ್ಲಿ. ಆಮೇಲೆ ಅವರು ಅದನ್ನು ನೋಡಿರಲೇ ಇಲ್ಲ. ಎರಡು ತುದಿ ಕೂಡಿಸಿಟ್ಟರೆ ಅಂಥ ಪಟ್ಟಿ ಕೆಡುವುದಿಲ್ಲ, ಖಾಲಿಯಾಗುತ್ತದೆ ಅಷ್ಟೆ. ಆದರೆ ವಿಮಾನ ನಿಲ್ದಾಣದಿಂದ ಇಲ್ಲಿಯವರೆಗೆ ಅವರು ಬಾಗಿದ ಬಾಗುಗಳು! ಮುದುಕರ ಜೊತೆಗಿನ ಆ ಪಂದ್ಯ! ಒಳಗೆ ಏನು ಉಳಿದಿದೆಯೋ ದೇವರೇ ಬಲ್ಲ. ‘ಬಿಚ್ರಿ ಲಗೂನ!’ ಎಂದು ಕೂಗಿದೆ. ಬೆಳಕಿನ ಲಂಗದವರು ಬೆಚ್ಚಿ ನೋಡಿದರು.

‘ಬಿಚ್ಚಿದ್ರ ಪ್ಯಾಂಟ?’

ಇಬ್ಬರೂ ಒಟ್ಟಿಗೆ ಡಬ್ಬಿಯ ಕಡೆ ನೋಡಿದೆವು. ಚಾಚಾ ಸುತಳಿ ಹಿಡಿದು ನಮ್ಮ ಬ್ಯಾನರಿನ ಹಿಂದೆ ಓಡಿದರು. ಬ್ಯಾನರು ಸ್ವಲ್ಪ ಹೊತ್ತು ಅತ್ತಿತ್ತ ಒದ್ದಾಡಿತು. ಹೊರಗೆ ಬಂದಾಗ ಸೂಟಿನ ಸೊಂಟಕ್ಕೆ ಸುತಳಿಯ ಬಿಗಿಗಂಟು, ಕೈಯಲ್ಲಿ ಬೆಚ್ಚಗಿನ ಕೆಂಪು ಪಟ್ಟಿ.

ಹಾನ್ ಅವರು ಕಾಲುಚೀಲದವರ ಮೇಜಿಗೆ ಬಂದಿದ್ದರು. ನಾನು ಪಟ್ಟಿಯನ್ನು ಚಾರ್ಜಿಗೆ ಹಚ್ಚಿದೆ. ಕಾಲುಚೀಲದವರು ಮಾತು ಬೆಳೆಸಿದ್ದು ನನ್ನ ಪುಣ್ಯ. ಹಾನ್ ನಮ್ಮ ಮುಂದೆ ಬಂದು ನಿಂತಾಗ ಪಟ್ಟಿಗೆ ಸಣ್ಣ ದೀಪ ಜೋಡಿಸಿದೆ. ಹತ್ತಲಿಲ್ಲ. ಚಾಚಾ ಕೈ ಚಾಚಿ ಒಂದು ಟಿಚ್ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿದರು. ಟಿಚ್ ಎಂದಿತು, ದೀಪ ಹತ್ತಿತು.

ಚಾಚಾ ಒಂದು ತುದಿ, ನಾನು ಒಂದು ತುದಿ ಹಿಡಿದು ಎಳೆದೆವು. ಪಟ್ಟಿ ಮೇಜಿನ ಉದ್ದಕ್ಕೂ ಹಿಗ್ಗಿತು. ದೀಪ ಆರಲಿಲ್ಲ. ಬಿಟ್ಟೆವು, ಎಳೆದೆವು, ತಿರುಚಿದೆವು. ಆರಲಿಲ್ಲ. ನನಗೆ ಸಂತೋಷದಿಂದ ಕಣ್ಣು ತುಂಬಿ ದೀಪ ಒಂದಿದ್ದದ್ದು ಮೂರಾಗಿ ಕಂಡಿತು.

ಯಂತ್ರದಲ್ಲಿ ಎಳೆದು ನೋಡುವುದನ್ನು ಎಲ್ಲರೂ ಮಾಡುತ್ತಾರೆ, ಮನುಷ್ಯರ ಮೈಮೇಲೆ ಹಾಕಿ ನೋಡಿದ್ದೀರಾ ಎಂದು ಹಾನ್ ಕೇಳಿದರು. ಇಂಚಾನಿನಿಂದ ಈಗಿನವರೆಗೂ ಇವರ ಸೊಂಟದಲ್ಲಿತ್ತು, ಬೆವರು, ನಡಿಗೆ, ನಿದ್ದೆ, ನಮಸ್ಕಾರ ಎಲ್ಲ ಕಂಡಿದೆ ಎಂದೆ. ಸು-ಜಿನ್ ಅದನ್ನು ಕೊರಿಯನ್ನಿನಲ್ಲಿ ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಫೋನನ್ನೇ ಅಲುಗಿಸಿದಳು. ಹಾನ್ ಮಾತ್ರ ನಗಲಿಲ್ಲ. ಚಾಚಾರ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಅವರ ಸೊಂಟದ ಸುತಳಿಯನ್ನು ಬಹಳ ಗೌರವದಿಂದ ನೋಡಿ, ಇದು ಯಾವ ಹೊಸ ವಸ್ತು ಎಂದು ಕೇಳಿದರು.

‘ಅದು ಬರೇ ಸುತಳಿರಿ ಸಾಹೇಬ್ರ. ಅದರಾಗ ಕರೆಂಟ್ ಇಲ್ಲ’ ಎಂದರು ಚಾಚಾ. ಆಮೇಲೆ ಹಾನ್ ನಕ್ಕದ್ದು ಮೇಳದ ಆ ತುದಿಯವರೆಗೂ ಕೇಳಿಸಿತು.

ಹಾವೇರಿ

ವಿಡಿಯೋ ನಮಗಿಂತ ಮೊದಲೇ ಹಾವೇರಿ ಮುಟ್ಟಿತ್ತು. ಅಧ್ಯಕ್ಷರು ಅದನ್ನು ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಹಾಕಿಸಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ದೀಪ ಹತ್ತಿದ್ದು ಖರೇ. ಆದ್ರ ಸಾಬರು ಸೊಂಟಕ್ಕ ಸುತಳಿ ಯಾಕ ಕಟ್ಕೊಂಡಾರ?’ ಅದು ಪ್ರಯೋಗದ ಭಾಗ ಎಂದೆ. ಕೋಣೆ ನನ್ನದಾಯಿತು. ಪಾಟೀಲ ಸರ್ ಎದ್ದು ಬಂದು, ‘ಮೇಡಂ, ಆ ಪಟ್ಟಿ ನಮ್ಮ ಹುಡುಗರ ಮೊಣಕಾಲಿಗೆ ಬರತೈತೇನ್ರಿ?’ ಎಂದು ಕೇಳಿದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ, ಅವರ ಟೇಪು ಇನ್ನೂ ಜೇಬಿನಲ್ಲಿದೆ.

ಮತ್ತೆ ಬ್ಯಾಡಗಿ

ಚಿಗವ್ವನ ಮನೆಗೆ ಹೋಗಲು ನನಗೆ ಅಂಜಿಕೆಯಿತ್ತು. ಕೋಣೆ ಉಳಿದ ಸುದ್ದಿ ಅವಳಿಗೆ ಮುಟ್ಟಿತ್ತು, ಉಡಿಯ ಸುದ್ದಿ ಮುಟ್ಟಿರಲಿಲ್ಲ. ಅವಳು ಅಂಗಳದಲ್ಲಿ ಕಾಲು ಚಾಚಿ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ನಾಲ್ಕು ತೊಟ್ಟು ನಾನೂ ಮುರಿದು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: ಉಡಿ ಒಳಗೆ ಬಿಡಲಿಲ್ಲ, ಕೊಟ್ಟುಬಂದೆ.

ಅವಳ ಕೈ ನಿಂತಿತು.

‘ತಗೊಂಡಾಕಿ ಹೆಣಮಗಳೇನು?’

‘ಹೌದು. ನನ್ನ ವಾರಗಿಯಾಕೀನs ಇದ್ಲು.’

‘ಹ್ಯಾಂಗ ತಗೊಂಡ್ಳು? ಕಸಗೊಂಡ್ಳೇನು?’

‘ಇಲ್ಲ. ಎರಡೂ ಕೈ ಚಾಚಿ ತಗೊಂಡ್ಳು. ತಲಿ ಬಾಗಿಸಿದ್ಲು.’

ಚಿಗವ್ವ ಮತ್ತೆ ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದಳು. ‘ಹಂಗಾರ ನೀ ಚೆಲ್ಲಿ ಬಂದಿಲ್ಲ ಬಿಡು. ಅಕಿ ಉಡಿ ತುಂಬಿ ಬಂದೀದಿ’ ಎಂದಳು.

ನಾನು ಅತ್ತೆ. ಮೆಣಸಿನಕಾಯಿ ಮುಟ್ಟಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನೂ ಜೋರಾಗಿ ಅತ್ತೆ. ಚಿಗವ್ವ ತಂಬಿಗೆಯಿಂದ ನೀರು ಹಾಕುತ್ತ, ಮುಖ ತೊಳೆಸುತ್ತ, ಇನ್ನೊಂದು ಪ್ರಶ್ನೆ ಕೇಳಿದಳು.

‘ಅಷ್ಟೆಲ್ಲ ತಗೊಂಡು ಅಕಿ ವಾಪಸ್ ಏನರೆ ಕೊಟ್ಲೇನು?’

‘ಆ ಲಾಡಿ.’

‘ನೋಡಿದೇನು ಮತ್ತ’ ಎಂದಳು ಚಿಗವ್ವ. ‘ಅಕೀನೂ ನಿನ್ನ ಖಾಲಿ ಕಳಿಸಿಲ್ಲ.’